ಕೊಕಾಟೂ ದ್ವೀಪದ ನೌಕಾಂಗಣ

ಸಿಡ್ನಿ ಬಂದರಿನ ಒಳಭಾಗದಲ್ಲಿ, ಪ್ಯಾರಮ್ಯಾಟಾ ಮತ್ತು ಲೇನ್ ಕೋವ್ ನದಿಗಳು ಕೂಡುವೆಡೆ, ಕೊಕಾಟೂ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಸುಮಾರು 18 ಹೆಕ್ಟೇರ್. ಅದರಲ್ಲಿಯೂ ಒಂದು ಪಾಲು, ಬಂಡೆ ಕಡಿದು ನೀರಿಗೆ ಸುರಿದು ಸಂಪಾದಿಸಿದ ನೆಲ. ನಾನಿಂದು ಹೇಳಹೊರಟಿರುವುದು ಅಲ್ಲಿಯ ನೌಕಾಂಗಣದ ಕಥೆ.

1839ರಲ್ಲಿ ಗವರ್ನರ್ ಗಿಪ್ಸ್ ಇಲ್ಲಿ ಸೆರೆಮನೆಯನ್ನು ಸ್ಥಾಪಿಸಿದನು. ನಾರ್ಫೋಕ್ ದ್ವೀಪದಿಂದ ತಂದ ಕೈದಿಗಳು ಮೊದಲು ಕೊರೆದದ್ದು ಡಾಕನ್ನಲ್ಲ, ಕಣಜಗಳನ್ನು. ಮರಳುಗಲ್ಲಿನೊಳಗೆ ಸೀಸೆಯ ಆಕಾರದಲ್ಲಿ ಇಳಿಯುವ ಆ ಗುಳಿಗಳು ನನಗೆ ನಮ್ಮ ಬಯಲುಸೀಮೆಯ ಹಗೇವುಗಳನ್ನೇ ನೆನಪಿಗೆ ತರುತ್ತವೆ. ಬರಗಾಲಕ್ಕೆ ಧಾನ್ಯ ಕೂಡಿಡುವ ಈ ವಿವೇಕ ಲಂಡನ್ನಿನ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಧಾನ್ಯ ಮಾರುಕಟ್ಟೆಯ ಪಾಲೆಂಬುದು ಅವರ ನಿಲುವು.

1847ರಲ್ಲಿ ಗಾಥರ್ ಮ್ಯಾನ್ ಎಂಬ ಎಂಜಿನಿಯರನ ಯೋಜನೆಯಂತೆ ಡಾಕಿನ ಕೆಲಸ ಮೊದಲಾಯಿತು. ಹಡಗನ್ನು ಒಳಕ್ಕೆ ಬಿಟ್ಟುಕೊಂಡು, ಬಾಗಿಲು ಮುಚ್ಚಿ, ನೀರನ್ನು ಹೊರಹಾಕಿ, ಅದರ ತಳವನ್ನು ದುರಸ್ತಿಮಾಡುವ ಕಲ್ಲಿನ ಕೊಳವದು. ಕಾಲಿಗೆ ಬೇಡಿ ತೊಟ್ಟವರು, ಎಷ್ಟೋ ವೇಳೆ ಸೊಂಟದುದ್ದ ನೀರಿನಲ್ಲಿ ನಿಂತು, ಹತ್ತು ವರ್ಷ ಆ ಬಂಡೆಯನ್ನು ಕಡಿದರು. ಡಾಕಿಗೆ ಬಂದದ್ದು ಗವರ್ನರ್ ಫಿಟ್ಸ್‌ರಾಯನ ಹೆಸರು; ಅದು ಲೋಕರೂಢಿ. 1863ರಲ್ಲಿ ಫ್ರೆಡರಿಕ್ ವಾರ್ಡ್ ಎಂಬ ಕೈದಿ ದ್ವೀಪದಿಂದ ತಪ್ಪಿಸಿಕೊಂಡು, ಮುಂದೆ ‘ಥಂಡರ್‌ಬೋಲ್ಟ್’ ಎಂಬ ಹೆಸರಿನ ದಾರಿಗಳ್ಳನಾಗಿ ಜನರ ಕಥೆಗಳನ್ನು ಸೇರಿಕೊಂಡನು. ಕೈದಿಗಳು ಹೋದ ಮೇಲೆ, 1871ರಲ್ಲಿ, ಅದೇ ಕಟ್ಟಡಗಳಿಗೆ ಅನಾಥ ಹೆಣ್ಣುಮಕ್ಕಳನ್ನು ತಂದಿರಿಸಿದರೆಂಬುದನ್ನು ಮಾತ್ರ ನಾನು ಸುಲಭವಾಗಿ ದಾಟಿಹೋಗಲಾರೆ.

ಸ್ಕಾಟ್ಲೆಂಡಿನಲ್ಲಿ ಕಟ್ಟಿ, ಬಿಚ್ಚಿ, ಭಾಗಭಾಗವಾಗಿ ತಂದ ‘ವಾರೆಗೊ’ ಎಂಬ ಯುದ್ಧನೌಕೆಯನ್ನು ಇಲ್ಲಿಯೇ ಮತ್ತೆ ಜೋಡಿಸಿ 1911ರಲ್ಲಿ ನೀರಿಗಿಳಿಸಿದರು. ಜೋಡಿಸುತ್ತ ಕಲಿತ ಕೈಗಳು ಮುಂದೆ ಸ್ವತಃ ಹಡಗು ಕಟ್ಟಿದವು. 1913ರಲ್ಲಿ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಇದನ್ನು ತನ್ನ ನೌಕಾಪಡೆಗಾಗಿ ವಹಿಸಿಕೊಂಡಿತು. 1942ರಲ್ಲಿ ಸಿಂಗಪುರ ಬಿದ್ದ ಮೇಲಂತೂ ನೈಋತ್ಯ ಪೆಸಿಫಿಕ್ಕಿನಲ್ಲಿ ಗಾಯಗೊಂಡ ಹಡಗುಗಳಿಗೆ ಇದೇ ಮುಖ್ಯ ಆಸರೆಯಾಯಿತು.

1984ರಲ್ಲಿ ‘ಸಕ್ಸೆಸ್’ ಎಂಬ ದೊಡ್ಡ ಹಡಗು ಇಲ್ಲಿಂದ ನೀರಿಗಿಳಿಯಿತು. ಮೂರೇ ವರ್ಷದಲ್ಲಿ ದ್ವೀಪವನ್ನು ಮಾರುವ ಪ್ರಕಟಣೆ ಬಂದಿತು. 1989ರಲ್ಲಿ ಕೆಲಸಗಾರರು 14 ವಾರ ಮುಷ್ಕರ ಹೂಡಿದರು. ಹಿಂದೊಮ್ಮೆ ಈಜಿಯಾದರೂ ಪಾರಾಗಲು ಮನುಷ್ಯರು ಹಾತೊರೆದ ನೆಲವನ್ನು, ಬಿಟ್ಟು ಕದಲೆವೆಂದು ಇವರು ಹಿಡಿದು ಕುಳಿತರು. ಫಲಿಸಲಿಲ್ಲ, 1991ರಲ್ಲಿ ಕೆಲಸ ನಿಂತಿತು, ಹಲವು ಕಾರ್ಖಾನೆಯ ಕಟ್ಟಡಗಳನ್ನು ಕೆಡವಿದರು.

2010ರಲ್ಲಿ ಯುನೆಸ್ಕೋ ಈ ದ್ವೀಪವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ಕೈದಿಗಳ ತಾಣವೆಂದು. ಫಿಟ್ಸ್‌ರಾಯ್ ಡಾಕಿನಲ್ಲಿ ಈಗ ಬಂದರಿನ ನೀರು ತುಂಬಿದೆ. ಕೈದಿಗಳು ಕಡಿದ ಮೆಟ್ಟಿಲುಗಳು ಅದರೊಳಕ್ಕೆ ಇಳಿದು ಹೋಗುತ್ತವೆ.