ಸಿಮೆಂಟ್ ಅಂಗಳ ಕುಡಿದ ಎಣ್ಣೆ

ಮಕ್ಕಳೇ, ಕೃಷ್ಣಾಷ್ಟಮಿ ಹತ್ತಿರ ಬಂತೆಂದರೆ ಎಷ್ಟೋ ಮನೆಗಳಲ್ಲಿ ಒಲೆ ಹಿತ್ತಿಲಿಗೆ ಬರುತ್ತದೆ. ಒಳಗೆ ಹೊಗೆ, ಸೆಕೆ. ಹೊರಗೆ ಸಿಮೆಂಟ್ ಹಾಕಿದ ಅಂಗಳದಲ್ಲಿ ಕೂತು ಚಕ್ಕುಲಿ, ಕೋಡುಬಳೆ ಕರಿಯುವುದೇ ಆರಾಮ. ಬಾಣಲೆಯಿಂದ ಎಣ್ಣೆ ಸಿಡಿಯುತ್ತದೆ, ತೂತಿನ ಸೌಟಿನಿಂದ ತೊಟ್ಟಿಕ್ಕುತ್ತದೆ. ಹಬ್ಬ ಮುಗಿದ ಮೇಲೆ ನೋಡಿದರೆ ನೆಲದಲ್ಲಿ ಅಲ್ಲಲ್ಲಿ ಕಪ್ಪು ಕಲೆ! ಎರಡು ಬಕೆಟ್ ನೀರು ಸುರಿದು ಪೊರಕೆಯಲ್ಲಿ ಉಜ್ಜಿದರೂ ಅದು ಹೋಗುವುದಿಲ್ಲ. ಸ್ಟೀಲ್ ತಟ್ಟೆಗೆ ಬಿದ್ದ ಎಣ್ಣೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದಲ್ಲ, ಅಂಗಳದ್ದು ಯಾಕೆ ಹೋಗಲೊಲ್ಲದು? ಬನ್ನಿ, ಬಗ್ಗಿ ಕೂತು ನೋಡೋಣ.

ಕಾಂಕ್ರೀಟ್ ಮುಟ್ಟಿದರೆ ಗಟ್ಟಿ. ಆದರೆ ಅದರೊಳಗೆ ತಲೆಗೂದಲಿಗಿಂತ ಎಷ್ಟೋ ಪಟ್ಟು ಸಪೂರವಾದ ದಾರಿಗಳು ತುಂಬಿವೆ. ಅವು ಎಲ್ಲಿಂದ ಬಂದವು ಗೊತ್ತೇ? ಗಾರೆಯವರು ಸಿಮೆಂಟಿಗೆ ಮರಳು, ಜಲ್ಲಿ, ನೀರು ಸೇರಿಸಿ ಕಲಸುವುದನ್ನು ನೀವು ನೋಡಿರುತ್ತೀರಿ. ಸಿಮೆಂಟ್ ಆ ನೀರಿನಲ್ಲಿ ಒಂದಷ್ಟನ್ನು ತನ್ನೊಳಗೆ ಸೇರಿಸಿಕೊಂಡು ಗಟ್ಟಿಯಾಗುತ್ತದೆ. 50 ಕೆಜಿಯ ಒಂದು ಮೂಟೆ ಸಿಮೆಂಟ್ ಹೀಗೆ ಸೇರಿಸಿಕೊಳ್ಳುವುದು ಸುಮಾರು 12 ಲೀಟರ್ ನೀರನ್ನು. ಆದರೆ ಅಷ್ಟೇ ಹಾಕಿದರೆ ಕಲಸಲೂ ಆಗದು, ಹರಡಲೂ ಆಗದು. ಅದಕ್ಕೇ ಅದರ ಎರಡರಷ್ಟು ಸುರಿಯುತ್ತಾರೆ. ಮಿಕ್ಕ ನೀರಿನಲ್ಲಿ ಬಹುಪಾಲು ನಿಧಾನವಾಗಿ ಆರಿಹೋಗುತ್ತದೆ. ಅದು ಇದ್ದ ಜಾಗ ಮಾತ್ರ ಖಾಲಿ ಉಳಿಯುತ್ತದೆ.

ನಾಳೆ ಬೆಳಗಿನ ತಿಂಡಿಗೆ ಇಡ್ಲಿ ಮಾಡಿದ್ದರೆ ಹೀಗೆ ಮಾಡಿ. ತಟ್ಟೆಯಲ್ಲಿ ತೆಳ್ಳಗೆ ಸಾಂಬಾರ್ ಹರಡಿ, ಅದರ ಮೇಲೆ ಒಂದು ಇಡ್ಲಿ ಇಟ್ಟು ಸುಮ್ಮನೆ ಕಾಯಿರಿ. ಆಮೇಲೆ ಇಡ್ಲಿ ಮುರಿದು ನೋಡಿ: ಸಾಂಬಾರ್ ಒಳಗೆ ಏರಿದೆ! ಯಾರೂ ತಳ್ಳಲಿಲ್ಲ, ಸುರಿಯಲಿಲ್ಲ. ಇಡ್ಲಿಯ ಸಣ್ಣ ಸಣ್ಣ ತೂತುಗಳ ಗೋಡೆಗೆ ಅಂಟಿಕೊಳ್ಳುತ್ತಾ ಅಂಟಿಕೊಳ್ಳುತ್ತಾ ಅದೇ ಮೇಲಕ್ಕೆ ಹೋಯಿತು. ಇದನ್ನು ವಿಜ್ಞಾನದ ಪಾಠದಲ್ಲಿ ಲೋಮನಾಳ ಕ್ರಿಯೆ ಅನ್ನುತ್ತಾರೆ. ತೂತು ಸಣ್ಣದಾದಷ್ಟೂ ಎಳೆತ ಜೋರು. ಕಾಂಕ್ರೀಟಿನ ದಾರಿಗಳಂತೂ ಇಡ್ಲಿಯ ತೂತಿಗಿಂತ ಬಹಳ ಸಣ್ಣವು. ಹಾಗಾಗಿ ಎಣ್ಣೆ ಬಿದ್ದ ಕೂಡಲೇ ಒಳಗೆ ಇಳಿಯಲು ತೊಡಗುತ್ತದೆ. ನೋಡಿ, ನಾವು ನೆಲದ ಮೇಲೆ ಉಜ್ಜುತ್ತಿದ್ದೇವೆ. ಕಲೆ ಇರುವುದು ನೆಲದ ಒಳಗೆ!

ಹೊಂಬಣ್ಣದ ಎಣ್ಣೆ ನೆಲದಲ್ಲಿ ಕಪ್ಪಗೆ ಕಾಣುವುದೇಕೆ? ಒಣ ಕಾಂಕ್ರೀಟಿನ ತೂತುಗಳಲ್ಲಿ ಗಾಳಿ ಇರುತ್ತದೆ. ಬಿಸಿಲು ಅಲ್ಲಿ ಬಡಿದು ಚೆದುರಿ ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ, ನೆಲ ಬಿಳಿಚಿ ಕಾಣುತ್ತದೆ. ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ ಬೆಳಕು ಅಷ್ಟು ಚೆದುರುವುದಿಲ್ಲ. ಆಳಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ನೀರು ಚೆಲ್ಲಿದಾಗಲೂ ನೆಲ ಹೀಗೇ ಕಪ್ಪಾಗುತ್ತದಲ್ಲವೇ? ಆದರೆ ನೀರು ಆರಿಹೋಗುತ್ತದೆ, ಎಣ್ಣೆ ಆರುವುದಿಲ್ಲ. ಬರೆದು ಮುಗಿಸಿದ ನೋಟ್‌ಬುಕ್ಕಿನ ಒಂದು ಹಾಳೆಯ ಮೇಲೆ ಒಂದು ಹನಿ ನೀರು, ಒಂದು ಹನಿ ಎಣ್ಣೆ ಹಾಕಿ ಸಂಜೆವರೆಗೆ ಬಿಟ್ಟು ನೋಡಿ, ಈ ವ್ಯತ್ಯಾಸ ನಿಮಗೇ ಕಾಣುತ್ತದೆ.

ಇನ್ನು ನೆಲದೊಳಗಿನ ಎಣ್ಣೆಯನ್ನು ಹೊರಗೆ ಕರೆತರುವ ಕೆಲಸ. ಎಣ್ಣೆ ಈಗಷ್ಟೇ ಚೆಲ್ಲಿದ್ದರೆ ನೀರು ಸುರಿಯಬೇಡಿ, ಎಣ್ಣೆ ತೇಲಿಕೊಂಡು ಇನ್ನಷ್ಟು ಜಾಗಕ್ಕೆ ಹರಡುತ್ತದೆ. ಅದರ ಮೇಲೆ ತೌಡನ್ನೋ ಮರದ ಹುಡಿಯನ್ನೋ ದಪ್ಪಗೆ ಉದುರಿಸಿ. ಹುಡಿಯ ಕಣಗಳ ನಡುವೆಯೂ ಸಣ್ಣ ದಾರಿಗಳಿವೆ, ಅವೂ ಎಣ್ಣೆಯನ್ನು ಎಳೆಯುತ್ತವೆ. ನೆಲ ಕುಡಿಯುವ ಮೊದಲು ಹುಡಿಗೆ ಕುಡಿಸಿಬಿಡುವುದು!

ಒಳಗಿಳಿದ ಎಣ್ಣೆಗೆ ಸೋಪು ಬೇಕು. ನೀರಿನ ಕಣಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ, ಎಣ್ಣೆಯನ್ನು ನಡುವೆ ಸೇರಿಸುವುದಿಲ್ಲ. ಸೋಪಿನ ಕಣ ಉದ್ದನೆಯದು. ಅದರ ಒಂದು ತುದಿ ನೀರಿಗೆ ಅಂಟುತ್ತದೆ, ಇನ್ನೊಂದು ತುದಿ ಎಣ್ಣೆಗೆ. ಇಂಥ ನಾಲ್ಕೈದು ಲಕ್ಷ ಕಣಗಳನ್ನು ತುದಿಗೆ ತುದಿ ಜೋಡಿಸಿದರೆ ಸುಮಾರು ಒಂದು ಮಿಲಿಮೀಟರ್ ಆದೀತು. ಅವು ಎಣ್ಣೆಯ ಸಣ್ಣ ಹನಿಯನ್ನು ಸುತ್ತುವರಿದು ನೀರಿನ ಜೊತೆ ಹೊರಡಿಸುತ್ತವೆ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಅಜ್ಜಿ ನಿಮ್ಮ ತಲೆಗೆ ತಿಕ್ಕುವ ಸೀಗೆಪುಡಿಯೂ ಮಾಡುವುದು ಇದೇ ಕೆಲಸ. ಅದಕ್ಕೇ ಸೋಪಿಲ್ಲದೆಯೂ ಅದರಿಂದ ನೊರೆ ಬರುತ್ತದೆ.

ಜಿಡ್ಡಿನ ಮಾತು ಬಂದಾಗ ಆಗ್ನೆಸ್ ಪೊಕೆಲ್ಸ್ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿದ್ದ ಆಕೆ ಹುಟ್ಟಿದ್ದು 1862ರಲ್ಲಿ. ಅಲ್ಲಿ ಆಗ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ತಂದೆ ತಾಯಿಯನ್ನು ನೋಡಿಕೊಳ್ಳುತ್ತಾ, ಪಾತ್ರೆ ತೊಳೆಯುತ್ತಾ, ಜಿಡ್ಡು ಬಿದ್ದ ನೀರಿನ ಮೇಲ್ಮೈ ಹೇಗೆ ಬದಲಾಗುತ್ತದೆಂದು ಆಕೆ ಅಳೆಯಲು ಹೊರಟರು. ಅದಕ್ಕೆ ಬೇಕಾದ ಉಪಕರಣವನ್ನು ತಾವೇ ಮಾಡಿಕೊಂಡರು. ಕಂಡುಕೊಂಡದ್ದನ್ನೆಲ್ಲ ಇಂಗ್ಲೆಂಡಿನ ದೊಡ್ಡ ವಿಜ್ಞಾನಿ ಲಾರ್ಡ್ ರ‍್ಯಾಲೆ ಅವರಿಗೆ ಪತ್ರ ಬರೆದು ತಿಳಿಸಿದರು. ರ‍್ಯಾಲೆ ಎಷ್ಟು ಮೆಚ್ಚಿದರೆಂದರೆ, 1891ರಲ್ಲಿ ಆ ಪತ್ರವನ್ನು 'ನೇಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಮನೆಯ ಪಾತ್ರೆ ತೊಳೆಯುವ ಜಾಗವೂ ಪ್ರಯೋಗಶಾಲೆಯೇ, ಗೊತ್ತಾಯಿತೇ?

ಹಳೆಯ ಕಲೆಗೆ ಲೇಪ ಹಚ್ಚಬೇಕು. ಮುಲ್ತಾನಿ ಮಿಟ್ಟಿ ಅಥವಾ ಜರಡಿ ಹಿಡಿದ ಜೇಡಿಮಣ್ಣಿಗೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಒಂದಿಷ್ಟು ವಾಷಿಂಗ್ ಸೋಡಾ ಸೇರಿಸಿ ಗಟ್ಟಿಯಾಗಿ ಕಲಸಬೇಕು. ಬಜ್ಜಿಗೆ ಹಾಕುವ ಅಡುಗೆ ಸೋಡಾ ಬೇರೆ, ಇದು ಬೇರೆ. ವಾಷಿಂಗ್ ಸೋಡಾ ಚರ್ಮ ಉರಿಸುತ್ತದೆ, ಆದ್ದರಿಂದ ಕಲಸುವುದು ಕೈಗವಸು ಹಾಕಿದ ದೊಡ್ಡವರ ಕೆಲಸ. ಈ ಸೋಡಾ ಕರಿದ ಎಣ್ಣೆಯಲ್ಲೇ ಸ್ವಲ್ಪ ಭಾಗವನ್ನು ಸೋಪಾಗಿ ಬದಲಾಯಿಸುತ್ತದೆ. ಕಲೆಯೇ ತನ್ನನ್ನು ತೊಳೆಯಲು ಕೈಜೋಡಿಸಿದಂತಾಯಿತು, ಎಂಥ ಚೆಂದ!

ಲೇಪವನ್ನು ಅರ್ಧ ಬೆರಳು ದಪ್ಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಿ. ಆಗ ಸೋಪುನೀರು ಒಳಗಿಳಿದು ಎಣ್ಣೆಯನ್ನು ಬಿಡಿಸುತ್ತದೆ. ಬೆಳಿಗ್ಗೆ ಹಾಳೆ ತೆಗೆದು ಬಿಸಿಲಿಗೆ ಒಣಗಲು ಬಿಡಿ. ಮೇಲಿನ ಮಣ್ಣು ಒಣಗಿದಂತೆ ಕೆಳಗಿನ ನೀರನ್ನು ತನ್ನತ್ತ ಎಳೆಯುತ್ತದೆ, ನೀರಿನ ಜೊತೆ ಎಣ್ಣೆಯೂ ಏರುತ್ತದೆ. ಯಾವ ದಾರಿಯಲ್ಲಿ ಇಳಿದಿತ್ತೋ ಅದೇ ದಾರಿಯಲ್ಲಿ ವಾಪಸ್! ಒಣಗಿದ ಮಣ್ಣನ್ನು ಕೆರೆದು ತೆಗೆದು, ನೆಲವನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ.

ಬಿಸಿನೀರೇ ಏಕೆ? ಬಿಸಿಯಾದರೆ ಎಣ್ಣೆ ತೆಳುವಾಗಿ ಸಲೀಸಾಗಿ ಹರಿಯುತ್ತದೆ. ಕೊಬ್ಬರಿ ಎಣ್ಣೆಯಾಗಿದ್ದರೆ ಇದು ಇನ್ನೂ ಮುಖ್ಯ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಅದು ಹೆಪ್ಪುಗಟ್ಟಿ ಕೂತುಬಿಡುತ್ತದೆ.

ಕೆಲವರು ಬಚ್ಚಲು ತೊಳೆಯುವ ಆಸಿಡ್ ತಂದು ಸುರಿಯುತ್ತಾರೆ. ದಯವಿಟ್ಟು ಬೇಡ. ಆಸಿಡ್ ಎಣ್ಣೆಯನ್ನು ಕರಗಿಸುವುದಿಲ್ಲ, ಸಿಮೆಂಟನ್ನೇ ತಿನ್ನುತ್ತದೆ. ಅದರ ಹೊಗೆ ಎದೆಗೂ ಕೆಟ್ಟದ್ದು. ಸೀಮೆಎಣ್ಣೆ, ಪೆಟ್ರೋಲ್ ಹಾಕುವುದು ಇನ್ನೂ ಅಪಾಯ, ಬೆಂಕಿ ಹೊತ್ತಿಕೊಂಡೀತು.

ಬಹಳ ಹಳೆಯ ಕಲೆ ಒಂದೇ ಸಲಕ್ಕೆ ಹೋಗದಿದ್ದರೆ ಬೇಸರ ಬೇಡ. ಸಿಮೆಂಟಿನಲ್ಲಿ ಸುಣ್ಣದ ಅಂಶ ಇದೆ. ತಿಂಗಳುಗಟ್ಟಲೆ ಬಿಟ್ಟರೆ ಎಣ್ಣೆ ಅದರ ಜೊತೆ ಸೇರಿ ನೀರಿಗೆ ಕರಗದ ಒಂದು ಬಗೆಯ ಸೋಪಾಗಿ ಅಲ್ಲೇ ನಿಲ್ಲುತ್ತದೆ. ಎಣ್ಣೆ ಇನ್ನೂ ಉಳಿದಿದೆಯೇ ಎಂದು ಪರೀಕ್ಷಿಸುವ ಕೆಲಸ ನಿಮ್ಮದು. ಸೋಪು ಪೂರ್ತಿ ಹೋಗುವಂತೆ ತೊಳೆದು, ಎರಡು ದಿನ ಒಣಗಿಸಿ, ಕಲೆ ಇದ್ದಲ್ಲಿ ಒಂದು ಹನಿ ನೀರು ಹಾಕಿ. ಪಕ್ಕದ ಶುಭ್ರ ನೆಲಕ್ಕೂ ಒಂದು ಹನಿ ಹಾಕಿ. ಎರಡೂ ಒಂದೇ ರೀತಿ ಇಂಗಿದರೆ ದಾರಿಗಳು ಖಾಲಿಯಾಗಿವೆ ಎಂದರ್ಥ. ಕಲೆಯ ಮೇಲಿನ ಹನಿ ಮಾತ್ರ ಇಂಗದೆ ಗುಂಡಗೆ ನಿಂತರೆ, ಮನೆಯವರಿಗೆ ಹೇಳಿ ಅವತ್ತು ರಾತ್ರಿ ಇನ್ನೊಂದು ಲೇಪ ಹಚ್ಚಿಸಿ.