ಬಾಹ್ಯಾಕಾಶಕ್ಕೆ ಹೋದ ಹೆಸರು, ಮೆಂತೆ

ಮುಂಗಾರು ಬಂತೆಂದರೆ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಹೊಲಗಳಲ್ಲಿ ಹೆಸರು ಬಿತ್ತುತ್ತಾರೆ. 2025ರ ಮುಂಗಾರಿನಲ್ಲಿ ಒಂದಿಷ್ಟು ಹೆಸರುಕಾಳು, ಮೆಂತೆಕಾಳು ಬಾಹ್ಯಾಕಾಶದಲ್ಲೂ ಮೊಳಕೆ ಒಡೆದವು. ಕಳಿಸಿದವರು ನಮ್ಮ ನೆರೆಯವರೇ. ಕಿತ್ತೂರಿನಿಂದ ಮೂವತ್ತು ಕಿಲೋಮೀಟರಿನಷ್ಟು ದೂರದ ಧಾರವಾಡದಲ್ಲಿರುವ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ.

ಕಾಳು ಹೋದದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಅದು ಒಂದೂವರೆ ತಾಸಿಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಬೈಲಹೊಂಗಲಕ್ಕೆ ಬೆಂಗಳೂರು ಇದಕ್ಕಿಂತ ದೂರ! 2000ದ ನವೆಂಬರಿನಿಂದ ಅಲ್ಲಿ ಜನರಿಲ್ಲದ ದಿನವೇ ಇಲ್ಲ. ಊಟ, ಬಟ್ಟೆ, ಬಿಡಿಭಾಗ ಎಲ್ಲವೂ ಕೆಳಗಿನಿಂದಲೇ ಹೋಗಬೇಕು. ಅಷ್ಟು ಮೇಲೂ ತೆಳುವಾದ ಗಾಳಿ ಸೋಕಿ ನಿಲ್ದಾಣ ಮೆಲ್ಲಗೆ ಕೆಳಗಿಳಿಯುತ್ತದೆ. ಸಾಮಾನು ತಂದ ನೌಕೆಗಳು ಎಂಜಿನ್ ಉರಿಸಿ ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತವೆ. ಬೆವರು, ಮೂತ್ರ, ಉಸಿರಿನ ತೇವ ಯಾವುದನ್ನೂ ಅಲ್ಲಿ ಹಾಳುಮಾಡುವುದಿಲ್ಲ. ಶುದ್ಧಮಾಡಿ ಕುಡಿಯುತ್ತಾರೆ. ನೂರು ಲೀಟರಿನಲ್ಲಿ ಸುಮಾರು 98 ಲೀಟರು ಮರಳಿ ಸಿಗುತ್ತದೆ. ಮಲಪ್ರಭೆ ಸೊರಗಿದ ಬೇಸಿಗೆಗಳನ್ನು ಕಂಡ ನಮಗೆ ಈ ಲೆಕ್ಕದ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ನೀರೇನೋ ಮರಳುತ್ತದೆ, ಅನ್ನ ಮರಳುವುದಿಲ್ಲ. ಅದಕ್ಕೇ ಮೊಳಕೆಕಾಳು. ಇದಕ್ಕೆ ಮಣ್ಣು ಬೇಡ, ಬಿಸಿಲು ಬೇಡ, ಒಲೆಯೂ ಬೇಡ. ಎರಡು ಮೂರು ದಿನಕ್ಕೆ ತಿನ್ನಲು ಸಿದ್ಧ, ಬಿಸಾಡುವ ಭಾಗವೂ ಇಲ್ಲ. ಆದರೆ ತೂಕವೇ ಇಲ್ಲದ ಕಡೆ ನೀರು ಇಳಿದು ಹರಿಯುವುದಿಲ್ಲ, ಬೇರಿಗೆ ಕೆಳಗೆ ಯಾವುದೆಂದು ತಿಳಿಯುವುದಿಲ್ಲ. ಹಾಗಿದ್ದೂ ಕಾಳು ಹೇಗೆ ಒಡೆಯುತ್ತದೆ, ಅದರ ಸತ್ವ ಉಳಿಯುತ್ತದೆಯೇ ಎಂದು ತಿಳಿಯುವುದು ಪ್ರಯೋಗದ ಗುರಿ.

ಜೂನ್ 25ರಂದು ಹೊರಟ ಆಕ್ಸಿಯಂ-4 ಯಾನದ ನಾಲ್ವರಲ್ಲಿ ಪೈಲಟ್ ನಮ್ಮ ಶುಭಾಂಶು ಶುಕ್ಲಾ. ನಿಲ್ದಾಣದ ರಷ್ಯಾ ಭಾಗದಲ್ಲಿ ಗಾಳಿ ಸೋರಿಕೆ ಪರೀಕ್ಷಿಸಬೇಕಾಗಿ ಬಂದು ಅವರ ಪ್ರಯಾಣ ಮುಂದಕ್ಕೆ ಹೋಗಿತ್ತು. ಮೇಲೆ ಹೋದ ಶುಕ್ಲಾ ಪುಟ್ಟ ತಟ್ಟೆಗಳಲ್ಲಿದ್ದ ಕಾಳಿಗೆ ನೀರುಣಿಸಿದರು, ಮೊಳಕೆಯ ಚಿತ್ರ ತೆಗೆದರು, ಆಮೇಲೆ ಅವನ್ನು ಫ್ರೀಜರಿನಲ್ಲಿಟ್ಟರು. ಜುಲೈ 15ರಂದು ಭೂಮಿಗೆ ಮರಳಿದರು. ಆ ಯಾನದ ಪ್ರಯೋಗಗಳಲ್ಲೆಲ್ಲ ನಮ್ಮ ರೈತರಿಗೆ ಅತಿ ಹತ್ತಿರದ್ದು ಇದೇ ಎಂದು ನನ್ನ ಭಾವನೆ.

ಧಾರವಾಡದ ಕೃಷಿ ಮೇಳಕ್ಕೆ ಬೀಜ, ಗೊಬ್ಬರ ವಿಚಾರಿಸಲು ಹೋಗುವ ರೈತ ಬಾಂಧವರೇ, ಈ ಕಾಳಿನ ವಿಷಯವನ್ನೂ ವಿಜ್ಞಾನಿಗಳಲ್ಲಿ ಕೇಳಿರಿ. ಶಾಲೆಗೆ ಹೋಗುವ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.