'ಡೆಲಿವರ್ಡ್' ಅಂದ್ಬಿಟ್ರೆ ಮುಗೀತಾ?

ಮೊಬೈಲ್‌ಗೆ ಒಂದು ಮೆಸೇಜ್ ಬರುತ್ತೆ, ನಿಮ್ಮ ಪಾರ್ಸೆಲ್ ತಲುಪಿದೆ ಅಂತ. ಬಾಗಿಲು ತೆಗೆದು ನೋಡಿದ್ರೆ ಏನೂ ಇಲ್ಲ. ಪಕ್ಕದ ಮನೆಯವರನ್ನ ಕೇಳ್ತೀರಿ. ಅಪಾರ್ಟ್‌ಮೆಂಟ್ ಆದ್ರೆ ಸೆಕ್ಯುರಿಟಿಯವರ ರಿಜಿಸ್ಟರ್ ತೆಗೆಸಿ ನೋಡ್ತೀರಿ. ಅಲ್ಲೂ ಇಲ್ಲ. ಆದ್ರೆ ಕ್ರೆಡಿಟ್ ಕಾರ್ಡ್ ಬಿಲ್ ಇದೆಯಲ್ಲ, ಅದು ಮಾತ್ರ ಸರಿಯಾದ ದಿನಕ್ಕೆ, ಸರಿಯಾದ ವಿಳಾಸಕ್ಕೆ ತಪ್ಪದೇ ಬರುತ್ತೆ.

ದಾವಣಗೆರೆಯಿಂದ ಒಬ್ಬ ಮೇಷ್ಟ್ರು ನಮ್ಮ ಕಚೇರಿಗೆ ಫೋನ್ ಮಾಡಿದ್ರು. ಮಗಳು ಇಂಜಿನಿಯರಿಂಗ್ ಸೇರಿದ್ದಾಳೆ, ಅವಳಿಗೆ ಅಂತ 46,000 ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ಬುಕ್ ಮಾಡಿದ್ದಾರೆ. ಬರಲಿಲ್ಲ. ಕಂಪನಿಯವರು "ನಮ್ಮ ಸಿಸ್ಟಮ್‌ನಲ್ಲಿ ಡೆಲಿವರ್ಡ್ ಅಂತ ತೋರಿಸ್ತಿದೆ ಸರ್, ಏಳು ದಿನ ಕಾಯಿರಿ" ಅಂದ್ರು. ಏಳು ದಿನ ಆದ್ಮೇಲೆ ಇನ್ನೊಂದು ಏಳು ದಿನ. ಬ್ಯಾಂಕಿಗೆ ಫೋನ್ ಮಾಡಿದ್ರೆ ಇನ್ನೂ ಚಂದದ ಉತ್ತರ. "ಒಟಿಪಿ ಹಾಕಿದ್ದು ನೀವೇ ತಾನೇ? ಹಾಗಾದ್ರೆ ಇದು ಫ್ರಾಡ್ ಅಲ್ಲ. ನೀವು ಕಂಪನಿ ಹತ್ರಾನೇ ಮಾತಾಡ್ಕೊಳ್ಳಿ." ಹೀಗೆ ಇವರಿಂದ ಅವರಿಗೆ, ಅವರಿಂದ ಇವರಿಗೆ ಓಡಾಡಿ ಎರಡು ತಿಂಗಳು ಕಳೆದಿದೆ.

ಬ್ಯಾಂಕಿನವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದು ಫ್ರಾಡ್ ಅಲ್ಲ, ಒಪ್ಪೋಣ. ನಿಮ್ಮ ಅರಿವಿಲ್ಲದೆ ಯಾರೋ ನಿಮ್ಮ ಕಾರ್ಡ್ ಉಜ್ಜಿದ್ರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿ ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿದ್ದು ಬೇರೆ ವಿಷಯ. ಇಲ್ಲಿ ದುಡ್ಡು ಕೊಟ್ಟಿದ್ದು ನೀವೇ, ಒಪ್ಪಿಯೇ ಕೊಟ್ಟಿದ್ದೀರಿ. ವಸ್ತು ಬಂದಿಲ್ಲ ಅಷ್ಟೇ. ಆದ್ರೆ ಫ್ರಾಡ್ ಅಲ್ಲ ಅಂದ ಮಾತ್ರಕ್ಕೆ ಬ್ಯಾಂಕಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋದು ಶುದ್ಧ ಸುಳ್ಳು. ಕಾರ್ಡ್ ವ್ಯವಹಾರದಲ್ಲಿ 'ವಸ್ತು ತಲುಪಿಲ್ಲ' ಅನ್ನೋದಕ್ಕೇ ಒಂದು ಪ್ರತ್ಯೇಕ ತಕರಾರು ಇದೆ. ಅದರ ಹೆಸರು ಚಾರ್ಜ್‌ಬ್ಯಾಕ್. ಈ ಪದವನ್ನ ಬ್ಯಾಂಕಿನವರು ತಾವಾಗಿ ನಿಮ್ಮ ಕಿವಿಗೆ ಹಾಕೋದು ಅಪರೂಪ.

ಇದು ಹೇಗೆ ನಡೆಯುತ್ತೆ ಅಂತ ಸ್ವಲ್ಪ ತಿಳ್ಕೊಳ್ಳಿ. ನೀವು ಕಾರ್ಡ್ ಉಜ್ಜಿದಾಗ ದುಡ್ಡು ನೇರವಾಗಿ ಅಂಗಡಿಯವನ ಜೇಬಿಗೆ ಹೋಗಲ್ಲ. ಈ ಕಡೆ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕ್. ಆ ಕಡೆ ಅಂಗಡಿಯವನ ಪರವಾಗಿ ದುಡ್ಡು ತಗೊಳ್ಳೋ ಬ್ಯಾಂಕ್. ಮಧ್ಯದಲ್ಲಿ ವೀಸಾನೋ ಮಾಸ್ಟರ್‌ಕಾರ್ಡೋ ರುಪೇನೋ. ನೀವು ತಕರಾರು ಹಾಕಿದ್ರೆ ನಿಮ್ಮ ಬ್ಯಾಂಕ್ ಆ ಕಡೆಯ ಬ್ಯಾಂಕಿನಿಂದ ದುಡ್ಡು ವಾಪಸ್ ಕೇಳುತ್ತೆ. ಆಗ ತಲುಪಿಸಿದ್ದೇನೆ ಅಂತ ತೋರಿಸಬೇಕಾದವನು ಮಾರಾಟಗಾರ. ಸಹಿ ಎಲ್ಲಿದೆ? ಯಾವ ವಿಳಾಸಕ್ಕೆ ಕೊಟ್ಟೆ? ಯಾರ ಕೈಗೆ ಕೊಟ್ಟೆ? ಉತ್ತರ ಇಲ್ಲ ಅಂದ್ರೆ ದುಡ್ಡು ನಿಮ್ಮದು. ಅಂಗಡಿಯವನು ಬಾಗಿಲು ಹಾಕ್ಕೊಂಡು ಓಡಿಹೋಗಿದ್ರೂ ಆ ಕಡೆಯ ಬ್ಯಾಂಕ್ ಹೊಣೆ ಹೊರಬೇಕಾಗುತ್ತೆ. ಒಂಥರಾ ಜಾಮೀನು ಹಾಕಿದವನ ಪಾಡು. ಫೇಸ್‌ಬುಕ್‌ನಲ್ಲಿ ಮೂರು ಕಾಸಿಗೆ ಸೀರೆ ಅಂತ ಜಾಹೀರಾತು ಕೊಟ್ಟು ಮಾಯವಾಗ್ತಾರಲ್ಲ, ಅಂಥವರ ವಿಷಯದಲ್ಲೂ ಕಾರ್ಡಿನಲ್ಲಿ ಕೊಟ್ಟಿದ್ರೆ ಒಂದು ದಾರಿ ಇದೆ. ಯಾರದೋ ಸ್ವಂತ ನಂಬರಿಗೆ ಯುಪಿಐ ಮಾಡಿದ್ರೆ ಇಷ್ಟು ಸುಲಭದ ದಾರಿ ಇಲ್ಲ.

ಈಗ ಬಹಳ ಮುಖ್ಯವಾದ ಮಾತು. ಇದಕ್ಕೆ ಗಡುವು ಇದೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲಿ ಸಾಮಾನ್ಯವಾಗಿ 120 ದಿನ, ಅದೂ ವಸ್ತು ಬರಬೇಕಿದ್ದ ದಿನದಿಂದ ಲೆಕ್ಕ. ಕೆಲವು ಬ್ಯಾಂಕುಗಳು ತಮ್ಮ ಷರತ್ತಿನಲ್ಲಿ ಇನ್ನೂ ಕಡಿಮೆ ದಿನ ಬರೆದುಕೊಂಡಿರ್ತವೆ. ಹಾಗಾದ್ರೆ ಕಂಪನಿಯವರು "ಏಳು ದಿನ ಕಾಯಿರಿ" ಅಂದಾಗಲೆಲ್ಲ ಖರ್ಚಾಗ್ತಿರೋದು ಯಾರ ದಿನ? ನಿಮ್ಮದು! ಮೇಷ್ಟ್ರ ವಿಷಯದಲ್ಲಿ ಅರ್ಧ ಗಡುವು ಹೀಗೇ ಕರಗಿಹೋಗಿತ್ತು. ಇದು ಉದ್ದೇಶಪೂರ್ವಕವೋ ಅಲ್ಲವೋ, ಲಾಭ ಯಾರಿಗೆ ಅನ್ನೋದು ಸ್ಪಷ್ಟ.

ಹಾಗಾಗಿ ಕಂಪನಿಗೆ ಒಂದು ಇಮೇಲ್ ಹಾಕಿ, ಒಂದು ವಾರ ನೋಡಿ, ಸಾಕು. ಆಮೇಲೆ ಬ್ಯಾಂಕಿಗೆ ಬರವಣಿಗೆಯಲ್ಲೇ ಕೊಡಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. 'ಫ್ರಾಡ್' ಅನ್ನೋ ಪದ ಬಳಸಬೇಡಿ. ಬಳಸಿದ್ರೆ ಅವರು ಒಟಿಪಿ ತೋರಿಸಿ ಫೈಲ್ ಮುಚ್ಚಿಬಿಡ್ತಾರೆ. ವಸ್ತು ತಲುಪಿಲ್ಲ, ಚಾರ್ಜ್‌ಬ್ಯಾಕ್ ಮಾಡಿ ಅಂತಲೇ ಬರೀರಿ. ಆರ್ಡರ್ ನಂಬರು, ಬರಬೇಕಿದ್ದ ದಿನಾಂಕ, ಕಂಪನಿ ಜತೆಗಿನ ಚಾಟ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿ. ದೂರಿನ ಸಂಖ್ಯೆ ಇಸ್ಕೊಳ್ಳದೆ ಬಿಡಬೇಡಿ. ಅಂದಹಾಗೆ ಡಬ್ಬಿ ಬಂತು, ಒಳಗೆ ಸೋಪು ಅಂದ್ರೆ ಅದು ಬೇರೆ ತಕರಾರು. ಅದಕ್ಕೆ ಡಬ್ಬಿ ಒಡೆಯೋ ವಿಡಿಯೋ ಇದ್ರೆ ಒಳ್ಳೇದು.

ಸಿಟ್ಟಿನಲ್ಲಿ ಬಿಲ್ ಕಟ್ಟೋದು ನಿಲ್ಲಿಸ್ತಾರೆ ಕೆಲವರು. ಹಾಗೆ ಮಾಡಬೇಡಿ. ತಕರಾರು ಇತ್ಯರ್ಥ ಆಗೋ ತನಕ ಸುಸ್ತಿದಾರ ಅಂತ ವರದಿ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನ ಇದೆ ನಿಜ. ಆದ್ರೂ ಬಡ್ಡಿ ಅಂತ ಹಾಕಿ, ಆಮೇಲೆ ಅದನ್ನ ತೆಗೆಸೋದಕ್ಕೆ ಇನ್ನೊಂದು ಅಲೆದಾಟ ಯಾಕೆ? ತಾತ್ಕಾಲಿಕವಾಗಿ ಆ ಮೊತ್ತ ಜಮಾ ಮಾಡ್ತೀರಾ ಅಂತ ಕೇಳಿ. ಇಲ್ಲ ಅಂದ್ರೆ ಕಟ್ಟಿ, ಹೋರಾಡಿ. ಕಟ್ಟಿದ್ರೆ ತಕರಾರು ಬಿದ್ದುಹೋಗಲ್ಲ.

ಬ್ರಿಟನ್‌ನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆ ಅಂತ ಇದೆ. 100 ಪೌಂಡ್ ಮೀರಿದ, 30,000 ಪೌಂಡ್ ಒಳಗಿನ ವಸ್ತುವನ್ನ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಮೋಸ ಹೋದ್ರೆ, ಮಾರಿದವನಷ್ಟೇ ಹೊಣೆ ಕಾರ್ಡ್ ಕಂಪನಿಗೂ ಇದೆ. ಅಲ್ಲಿ ಅದು ಕಾನೂನು. ನಮ್ಮಲ್ಲಿ ಚಾರ್ಜ್‌ಬ್ಯಾಕ್ ಅನ್ನೋದು ಕಾರ್ಡ್ ಜಾಲದ ನಿಯಮ, ಕಾಯ್ದೆಯಲ್ಲಿ ಬರೆದ ಹಕ್ಕಲ್ಲ. ಕಾರ್ಡ್ ಹಂಚೋವಾಗ ಮಾಲ್‌ಗಳಲ್ಲಿ ಕೈ ಹಿಡಿದು ನಿಲ್ಲಿಸ್ತಾರೆ. ಅಷ್ಟೇ ಆಸಕ್ತಿಯಿಂದ ಈ ಹಕ್ಕನ್ನೂ ಕಾಯ್ದೆಗೆ ತರಲಿ ಅಂತ ನಾನು ಕೇಳ್ತೀನಿ.

ಇನ್ನೊಂದು ಕಡೆಯನ್ನೂ ಹೇಳಬೇಕು. ವಸ್ತು ಬಂದು ಮನೆಯಲ್ಲಿ ಕೂತಿದ್ರೂ ಬಂದಿಲ್ಲ ಅಂತ ತಕರಾರು ಹಾಕೋ ಚಾಲಾಕಿಗಳಿದ್ದಾರೆ. ಇಳಕಲ್ ಸೀರೆನೋ ಚನ್ನಪಟ್ಟಣದ ಗೊಂಬೆನೋ ಆನ್‌ಲೈನ್‌ನಲ್ಲಿ ಮಾರೋ ಸಣ್ಣವರ ಹೊಟ್ಟೆ ಮೇಲೆ ಹೊಡೆಯೋ ಕೆಲಸ ಅದು. ಅದು ಕಳ್ಳತನವೇ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ರೆ, ಅಥವಾ ಕೊಟ್ಟ ಉತ್ತರ ನಿಮಗೆ ಸರಿಕಾಣದಿದ್ರೆ, ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಕಾಸು ಖರ್ಚಿಲ್ಲ. ವಿಚಾರಿಸೋಕೆ 14448ಕ್ಕೆ ಫೋನ್ ಮಾಡಿ. ಕಂಪನಿ ಮೇಲಾದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ಸ್ವೀಕರಿಸಿದ್ದೇನೆ ಅನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅದೂ ಆಗಲಿಲ್ಲ ಅಂದ್ರೆ ಗ್ರಾಹಕ ಆಯೋಗ ಇದೆ. ಕಂಪನಿಯ ಕಚೇರಿ ದೆಹಲಿಯಲ್ಲೇ ಇರಲಿ, 2019ರ ಕಾಯ್ದೆ ಪ್ರಕಾರ ನೀವು ವಾಸ ಮಾಡೋ ಜಿಲ್ಲೆಯಲ್ಲೇ ದೂರು ಹಾಕಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ವಕೀಲರನ್ನ ಇಡಲೇಬೇಕು ಅಂತಲೂ ಇಲ್ಲ. ದೆಹಲಿಯವರೇ ನಿಮ್ಮ ಊರಿಗೆ ಬಂದು ಉತ್ತರ ಕೊಡಲಿ.